ಓದಿ ಹೇಳಲಾಗಿ, ಸರಿ ಎಂದು ಒಪ್ಪಿದ್ದು

ಮುಕ್ಕಾಲಿಯ ಮೇಲೆ ನಿಂತು ಅಟ್ಟದ ತಗಡಿನ ಪೆಟ್ಟಿಗೆಗೆ ಕೈ ಚಾಚಿದಾಗ ರವಿಕೆಯ ಬಲ ತೋಳಿನ ಹೊಲಿಗೆ ಪರ್ರೆಂದು ಬಿಟ್ಟಿದ್ದು ಅವಳಿಗೆ ಕೇಳಿಸಿತು. ಆದರೂ ಕೈ ಹಿಂದೆ ತೆಗೆಯಲಿಲ್ಲ. ಕೆಳಗೆ ಮುಕ್ಕಾಲಿಯ ಕಾಲು ಹಿಡಿದು ನಿಂತಿದ್ದ ಗಂಡ, "ಬೆಳಗ್ಗೆ ಬೆಳಗ್ಗೆ ಏನೇ ಇದು ಸರ್ಕಸ್ಸು? ಬಿದ್ದು ಸೊಂಟ ಮುರ್ಕೊಂಡ್ರೆ ನಾಲ್ಕು ತಿಂಗಳು ಮೊದಲೇ ರಿಟೈರ್ ಆಗ್ತೀಯ ಅಷ್ಟೆ," ಎಂದ. ಪೆಟ್ಟಿಗೆಯೊಳಗೆ ಇಪ್ಪತ್ತೆಂಟು ವರ್ಷದ ಶೀಘ್ರಲಿಪಿ ಪುಸ್ತಕಗಳಿದ್ದವು. ನ್ಯಾಯಾಧೀಶರು ಹೇಳಿದ್ದನ್ನೂ ಸಾಕ್ಷಿಗಳು ತೊದಲಿದ್ದನ್ನೂ ಗೀಟು ಗೀಟಾಗಿ ಹಿಡಿದಿಟ್ಟ ಪುಸ್ತಕಗಳು, ರಟ್ಟಿನ ಮೇಲೆ ತಾರೀಕು ಹಾಕಿ ವರ್ಷಕ್ಕೊಂದು ಕಟ್ಟು ಕಟ್ಟಿದ್ದವು. ಟೈಪಾದ ಮೇಲೆ ಇವುಗಳಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ. ಎಸೆಯಿರಿ ಎಂದು ಯಾರೂ ಹೇಳಲಿಲ್ಲವಾಗಿ ಅವಳು ಇಟ್ಟುಕೊಂಡಿದ್ದಳು. ಹೇಳದಿದ್ದನ್ನು ಮಾಡುವ ಅಭ್ಯಾಸ ಅವಳಿಗೆ ಇರಲಿಲ್ಲ. ಏಳು ವರ್ಷದ ಹಿಂದಿನ ಕಟ್ಟು ಬಿಚ್ಚಿ, ಬೇಕಾದ ಪುಸ್ತಕ ತೆಗೆದು, ಧೂಳು ಒರೆಸಿ ಊಟದ ಡಬ್ಬಿಯ ಪಕ್ಕ ಚೀಲದಲ್ಲಿ ಇಟ್ಟುಕೊಂಡಳು. ಗಂಡ ನೋಡುತ್ತಲೇ ಇದ್ದ. "ಕೋರ್ಟಿನವರು ಕೇಳಿದ್ರಾ?" "ಇಲ್ಲ." "ಮತ್ತೆ? ಕೇಳದೇ ಇರೋದನ್ನ ಯಾಕೆ ಹೊತ್ಕೊಂಡು ಹೋಗ್ತೀಯ?" ಅವನ ದನಿಯಲ್ಲಿ ಗದರಿಕೆಯಿರಲಿಲ್ಲ. ಅವನು ಜನ್ಮದಲ್ಲಿ ಗದರಿದವನಲ್ಲ. ಮದುವೆಯಾದ ಹೊಸದರಲ್ಲಿ ಅವನು ನೀರು ಕುಡಿಯಲು ಲೋಟ ಎತ್ತಿದರೂ ಅವಳ ಕತ್ತು ತಾನಾಗಿ ಪಕ್ಕಕ್ಕೆ ವಾಲುತ್ತಿತ್ತು, ಅದನ್ನು ಕಂಡು ಅವನು ಲೋಟವನ್ನು ಮೆಲ್ಲಗೆ ಎತ್ತುವುದನ್ನು ರೂಢಿಸಿಕೊಂಡ. ಮೂವತ್ತು ವರ್ಷವಾಯಿತು, ಈಗಲೂ ಮೆಲ್ಲಗೇ ಎತ್ತುತ್ತಾನೆ. ಕಾರಣವನ್ನು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂರಲಾಗಲಿಲ್ಲ. ಚೀಲವನ್ನು ಎದೆಗೆ ಅವುಚಿಕೊಂಡು ನಿಂತಳು. ಮಧ್ಯಾಹ್ನ ಮೂರಕ್ಕೆ ಶಿಕ್ಷೆ ಹೇಳುತ್ತಾರೆ. ಮೊನ್ನೆಯೇ ಆರೋಪಿಯು ಅಪರಾಧಿಯೆಂದು ತೀರ್ಮಾನವಾಗಿತ್ತು. ಹೆಂಡತಿಯ ಬಲಗೈಯನ್ನು ಬಾಗಿಲ ಸಂದಿಯಲ್ಲಿ ಇಡಿಸಿ, ಕದವನ್ನು ಒಂದಲ್ಲ ಮೂರು ಸಲ ಹಾಕಿದವನು. ಹೆಂಡತಿ ಹೊಲಿಗೆ ಕೆಲಸದವಳು. ಹೆಬ್ಬೆರಳು, ಕಿರುಬೆರಳು ಉಳಿದವು, ನಡುವಿನ ಮೂರು ಉಳಿಯಲಿಲ್ಲ. ನಿನ್ನೆ ಎಷ್ಟು ವರ್ಷ ಕೊಡಬೇಕೆಂಬ ವಾದ ನಡೆಯಿತು. ಅವನ ವಕೀಲ ಹಳೆಯ ತೀರ್ಪೊಂದರ ನಕಲು ತೆಗೆದು, ಕನ್ನಡಕ ಮೂಗಿನ ತುದಿಗೆ ತಂದು, ಒಂದು ಸಾಲು ಓದಿದ. ಏಳು ವರ್ಷದ ಹಿಂದೆ ಇದೇ ಅವನು ಇದೇ ಅವಳ ತಲೆಗೆ ಒನಕೆಯಿಂದ ಹೊಡೆದ ಪ್ರಕರಣ, ಇದೇ ನ್ಯಾಯಾಲಯ, ಆಗ ಬೇರೆ ನ್ಯಾಯಾಧೀಶ ಸಾಹೇಬರು. 'ಬಾಧಿತಳು ಆರೋಪಿಯನ್ನು ಮನಃಪೂರ್ವಕವಾಗಿ ಕ್ಷಮಿಸಿರುವುದಾಗಿ ಈ ನ್ಯಾಯಾಲಯದ ಮುಂದೆ ನುಡಿದಿರುತ್ತಾಳೆ.' ಓದಿ ಮುಗಿಸಿ ವಕೀಲ, "ಆಗಲೂ ಕ್ಷಮಿಸಿದ್ದಾರೆ, ಆಮೇಲೆ ಐದು ವರ್ಷ ಬಾಳ್ವೆ ಮಾಡಿದ್ದಾರೆ. ಸಿಟ್ಟಿನ ಭರದಲ್ಲಿ ಆಗಿದ್ದು ಸ್ವಾಮಿ, ಸಂಸಾರ ಒಡೀಬೇಡಿ," ಎಂದ. ಆಗ ಹಿಂದಿನ ಬೆಂಚಿನಿಂದ ಹೊಲಿಗೆಯವಳು ಎದ್ದುನಿಂತಳು. "ನಾನು ಹಂಗೆ ಹೇಳಿಲ್ಲ." ಪೇದೆ ಶ್ ಎಂದ. "ಹೇಳಿಲ್ಲ ಸ್ವಾಮಿ ನಾನು. ಯಾವತ್ತೂ ಹೇಳಿಲ್ಲ." ಈಗಿನ ಸಾಹೇಬರು ಒಳ್ಳೆಯವರು, ಸಾಕ್ಷಿಗಳಿಗೆ ನೀರು ತರಿಸಿಕೊಡುವವರು. ತಾಳ್ಮೆಯಿಂದಲೇ, "ಕೋರ್ಟಿನ ದಾಖಲೆ ಅಮ್ಮ ಅದು. ದಾಖಲೇಲಿ ಇದೆ ಅಂದ್ರೆ ಹೇಳಿದ್ದೀರಿ ಅಂತಲೇ ಅರ್ಥ. ಏಳು ವರ್ಷ ಆಯ್ತಲ್ಲ, ಮರೆತಿರ್ತೀರಿ," ಎಂದರು. ಹೊಲಿಗೆಯವಳು ಕೂತಳು. ಸಾಹೇಬರ ಪೀಠದ ಕೆಳಗೆ, ಅವರ ಪಾದಕ್ಕೆ ಸಮನಾಗಿ ಹಾಕಿದ ಪುಟ್ಟ ಮೇಜಿನ ಹಿಂದೆ, ಸ್ಟೆನೋ ಆದ ಇವಳು ಅಷ್ಟನ್ನೂ ಬರೆದುಕೊಂಡಳು. ಆಮೇಲೆ ಆ ನಕಲು ಕಡತ ಸೇರಲು ಅವಳ ಮೇಜಿಗೇ ಬಂತು. ಕೊನೆಯ ಪುಟದ ಎಡ ತುದಿಯಲ್ಲಿ, ಟೈಪ್ ಮಾಡಿದವರು ಹಾಕುವ ಜಾಗದಲ್ಲಿ, ಅವಳ ಹೆಸರಿನ ಎರಡು ಅಕ್ಷರವಿತ್ತು.

ಹೇಳಿಕೊಟ್ಟಿದ್ದನ್ನು ಹಾಗೆ ಹಾಗೇ ಒಪ್ಪಿಸುವುದನ್ನು ಅವಳು ಕಲಿತದ್ದು ನೌಕರಿಗೆ ಸೇರಿ ಅಲ್ಲ. ಏಳನೆಯ ವಯಸ್ಸಿಗೇ ಕಲಿತಿದ್ದಳು. ಅಮ್ಮ ಅವಳ ಕೈ ಹಿಡಿದು ಆಸ್ಪತ್ರೆಗೆ ನಡೆಯುತ್ತಿದ್ದಳು. ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ ಹುಬ್ಬಿಗೆ ಒತ್ತಿ ಹಿಡಿದಿದ್ದಳು. "ಡಾಕ್ಟ್ರು ಏನಾಯ್ತಮ್ಮ ಅಂತ ಕೇಳ್ತಾರೆ. ಏನು ಹೇಳ್ತೀಯ, ಹೇಳು ನೋಡೋಣ." "ಅಪ್ಪ..." "ಅಲ್ಲ. ಇನ್ನೊಂದ್ಸಲ." "ಬಾಗಿಲು ತಗುಲ್ತು." "ಹಾಂ. ಎಲ್ಲಿ, ಗಟ್ಟಿಯಾಗಿ." ಆಸ್ಪತ್ರೆ ಬರುವಷ್ಟರಲ್ಲಿ ನಾಲ್ಕು ಸಲ ಒಪ್ಪಿಸಿಯಾಗಿತ್ತು. ಡಾಕ್ಟರು ಅಮ್ಮನನ್ನು ಕೇಳದೆ ಮಗುವನ್ನೇ ಕೇಳಿದರು, ಮಗು ಸುಳ್ಳು ಹೇಳುವುದಿಲ್ಲ ಎಂದುಕೊಂಡಿದ್ದರೇನೋ. ಮಗು ತೊದಲದೆ ಹೇಳಿತು. ಡಾಕ್ಟರು ಬರೆದುಕೊಂಡರು. ಹೊರಗೆ ಮೆಟ್ಟಿಲ ಮೇಲೆ ಅಪ್ಪ ಕಾಯುತ್ತಿದ್ದ. ಅವಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ, "ನನ್ನ ಜಾಣೆ," ಎಂದ. ಹೆಗಲ ಮೇಲಿಂದ ರಸ್ತೆ ತುಂಬ ದೂರದವರೆಗೆ ಕಾಣುತ್ತಿತ್ತು. ಅದು ಅವಳಿಗೆ ಇಷ್ಟವೂ ಆಯಿತು. ಇಷ್ಟವಾದದ್ದು ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಬಸ್ಸಿನ ಕಂಬಿ ಹಿಡಿದು ನಿಂತಾಗ ನೆನಪಾಗಿ ಅವಳು ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಪಕ್ಕದ ಹೆಂಗಸು, "ಇಳೀತೀರಾ?" ಎಂದಳು. "ಇಲ್ಲ, ಇನ್ನೂ ಇದೆ."

ನ್ಯಾಯಾಲಯದಲ್ಲಿ ಬೆಂಚ್ ಗುಮಾಸ್ತ ಆಗಲೇ ಕಡತಗಳನ್ನು ಜೋಡಿಸುತ್ತಿದ್ದ. ಅವನ ಬಾಯಿ ಅವನ ಕೈಗಿಂತ ಚುರುಕು. "ಬನ್ನಿ ಮೇಡಂ. ಮೂರಕ್ಕೆ ಬಾಗಿಲಿನವಂದು. ಅವನ ವಕೀಲರು ಅರ್ಜಿ ಕೊಟ್ಟಿದ್ದಾರೆ ನೋಡಿ, ವಯಸ್ಸಾದ ತಾಯಿ, ಒಬ್ಬನೇ ದುಡಿಯೋನು, ತಾಯಿಗೆ ಇವನು ಬಿಟ್ರೆ ಗತಿ ಇಲ್ಲ. ನಮ್ಮ ಕೋರ್ಟಿಗೆ ಬರೋ ಗಂಡಂದಿರೆಲ್ಲ ತಾಯಿ ಸಾಕೋದ್ರಲ್ಲಿ ಎತ್ತಿದ ಕೈ ನೋಡಿ." ಯಾವಾಗಲೂ ಅವಳು ನಗುತ್ತಿದ್ದಳು. ಅವಳೇ ಟೈಪ್ ಮಾಡಿದ ಎಷ್ಟು ಆದೇಶಗಳಲ್ಲಿ ಆ ತಾಯಿ ಬಂದುಹೋಗಿಲ್ಲ! ಹೆಂಡತಿಗೆ ಬೆಂಕಿಯಿಟ್ಟವನಿಗೂ ಒಬ್ಬಳು, ಹೊಟ್ಟೆಗೆ ಒದ್ದವನಿಗೂ ಒಬ್ಬಳು. ಎಲ್ಲರಿಗೂ ಒಬ್ಬಳೇ ತಾಯಿಯೇನೋ ಎನ್ನುವ ಹಾಗೆ ಅದೇ ಕಾಯಿಲೆ, ಅದೇ ಮುಪ್ಪು. ಆ ಮಾತುಗಳನ್ನು ಪ್ರತಿ ಸಲ ಹೊಸದಾಗಿ ಹೇಳುವ ಪುರುಸೊತ್ತು ಯಾವ ಸಾಹೇಬರಿಗೂ ಇರುವುದಿಲ್ಲ. "ಮೊದಲ ಅಪರಾಧದ ಪ್ಯಾರಾ ಹಾಕ್ಬಿಡಿ" ಎನ್ನುತ್ತಾರೆ, ಅವಳು ಕಂಪ್ಯೂಟರಿನಲ್ಲಿ ಹಳೆಯದೊಂದನ್ನು ಹುಡುಕಿ, ಹೆಸರು ಬದಲಿಸಿ, ಅಂಟಿಸುತ್ತಾಳೆ. ಒಂದು ಪುಟದ ಕೆಲಸ ಉಳಿಯುತ್ತದೆ. ಸಾಹೇಬರು ಓದದೆ ಸಹಿ ಹಾಕುತ್ತಾರೆ, ಅವಳ ಮೇಲೆ ಅಷ್ಟು ಭರವಸೆ. ಆ ಭರವಸೆಯೇ ಅವಳ ಜೀವನದ ದೊಡ್ಡ ಗಳಿಕೆ ಎಂದು ಬೀಳ್ಕೊಡುಗೆಯ ದಿನ ಯಾರಾದರೂ ಭಾಷಣ ಮಾಡುತ್ತಾರೆ. ಮಾಡಲಿ ಎಂದು ಅವಳೂ ಒಳಗೊಳಗೆ ಕಾದಿದ್ದಳು.

ಏಳು ವರ್ಷದ ಹಿಂದೆ ಆ ದಿನ ಅಂಟಿಸಿದ ಪ್ಯಾರಾ ಅದೇ ವಾರದ ಇನ್ನೊಂದು ಪ್ರಕರಣದ್ದು. ಆ ಪ್ರಕರಣದ ಹೆಂಡತಿ ನಿಜಕ್ಕೂ ಕ್ಷಮಿಸಿದ್ದಳು, ಕಟಕಟೆಯ ಹತ್ತಿರ ಹೋಗಿ ಗಂಡನ ಕೈ ಹಿಡಿದುಕೊಂಡು ಅತ್ತಿದ್ದಳು. ಹೆಸರು ಬದಲಾಯಿತು, ವಯಸ್ಸು ಬದಲಾಯಿತು, ಕ್ಷಮೆ ಮಾತ್ರ ಹಾಗೇ ಉಳಿಯಿತು. ಸಾಹೇಬರು ಸಹಿ ಹಾಕಿ ಕಾರು ಹತ್ತಿದರು. ಸಂಜೆ ಒಂಬತ್ತು ಪುಟಕ್ಕೆ ದಾರ ಪೋಣಿಸುವಾಗ ಏಳನೆಯ ಪುಟದಲ್ಲಿ ಆ ಸಾಲು ಅವಳ ಕಣ್ಣಿಗೆ ಬಿತ್ತು. ಇಷ್ಟು ವರ್ಷ ಈ ಭಾಗವನ್ನು ನೆನೆಯುವಾಗಲೆಲ್ಲ ಅವಳು ಇಲ್ಲಿಯೇ ನಿಲ್ಲುತ್ತಿದ್ದಳು, ಕೈಯಲ್ಲಿ ದಾರ ಹಿಡಿದು. ಮುಂದಿನದು ಸಣ್ಣದು. ಐದು ನಲವತ್ತರ ಬಸ್ಸು ತಪ್ಪಿದರೆ ಮುಂದಿನದು ಆರೂವರೆಗೆ. ಹಳೆಯ ಸಾಹೇಬರಿಗೆ ಮುಂಗೋಪ. ಮಾರನೆಯ ದಿನ ಅವರ ಮುಂದೆ ನಿಂತು, ನಿಮ್ಮ ಸಹಿಯ ಮೇಲೆ ನನ್ನ ತಪ್ಪಿದೆ ಎನ್ನಬೇಕಿತ್ತು. ಒಂದು ಸಾಲು, ಯಾರು ಓದುತ್ತಾರೆ? ಇದೆಲ್ಲ ಸರಿ. ಆದರೆ ದಾರವನ್ನು ಗಂಟು ಹಾಕುವಾಗ ಅವಳ ಮನಸ್ಸಿನಲ್ಲಿ ಇನ್ನೊಂದು ಮಾತೂ ಸುಳಿದಿತ್ತು, ಅದನ್ನು ಅವಳು ಅವತ್ತಿನಿಂದ ಮುಟ್ಟಿರಲಿಲ್ಲ: ಬರೆಯದಿದ್ದರೇನು, ಇವತ್ತಲ್ಲ ನಾಳೆ ಕ್ಷಮಿಸಿಯೇ ಕ್ಷಮಿಸುತ್ತಾಳೆ. ಎಲ್ಲರೂ ಕ್ಷಮಿಸುತ್ತಾರೆ. ಅಮ್ಮ ಕ್ಷಮಿಸಲಿಲ್ಲವೇ? ಹುಬ್ಬಿನ ಗಾಯ ಒಣಗುವ ಮೊದಲೇ ಅಪ್ಪನ ತಟ್ಟೆ ತೊಳೆದಿಡಲಿಲ್ಲವೇ? ಒಲ್ಲೆ ಎಂದು ಹಟ ಹಿಡಿದು ಇಲ್ಲಿಯವರೆಗೆ ಬರುವ ಹೆಂಗಸರ ಮೇಲೆ ಅವಳಿಗೆ ಅಸೂಯೆಯಂಥದ್ದೊಂದು ಇತ್ತೇ? ಇದ್ದಿರಬೇಕು. ಗಂಟು ಬಿಗಿಯಾಗಿಯೇ ಬಿತ್ತು. ಬಸ್ಸೂ ಸಿಕ್ಕಿತು.

ಸಾಹೇಬರು ಕೊಟ್ಟದ್ದು ಮೂರು ವರ್ಷ. ಹೊಲಿಗೆಯವಳ ಗಂಡ ಮೇಲಿನ ನ್ಯಾಯಾಲಯಕ್ಕೆ ಹೋದ. ಅಲ್ಲಿಯವರು ಓದಿದರು. ಯಾರೂ ಓದುವುದಿಲ್ಲ ಎಂದುಕೊಂಡ ಆ ಸಾಲನ್ನೇ ಎತ್ತಿ ಬರೆದು, ಬಾಧಿತಳೇ ಕ್ಷಮಿಸಿರುವಾಗ ಈಗಾಗಲೇ ಅನುಭವಿಸಿದ ಹದಿನಾಲ್ಕು ತಿಂಗಳೇ ಸಾಕು ಎಂದರು. ಆ ಆದೇಶ ಕಡತಕ್ಕೆ ಸೇರಲು ಬಂದಾಗ ಅವಳು ಓದಿದ್ದಳು. ಓದಿ, ದಾಖಲೆ ಕೋಣೆಗೆ ಕಳಿಸಿದ್ದಳು.

ಊಟದ ಹೊತ್ತಿಗೆ ಓಣಿಯ ಕೊನೆಯ ನಲ್ಲಿಯ ಹತ್ತಿರ ಹೊಲಿಗೆಯವಳು ಸಿಕ್ಕಳು. ಎಡಗೈಯಲ್ಲಿ ಡಬ್ಬಿ ತೊಳೆಯುತ್ತಿದ್ದಳು, ಬಲಗೈಯ ಉಳಿದೆರಡು ಬೆರಳ ನಡುವೆ ಮುಚ್ಚಳ ಸಿಕ್ಕಿಸಿಕೊಂಡಿದ್ದಳು. ಸ್ಟೆನೋ ಅಲ್ಲಿಂದ ಹಿಂದಿರುಗಬೇಕೆನ್ನುವಷ್ಟರಲ್ಲಿ, "ಅಕ್ಕಾ, ತೋಳು ಬಿಟ್ಟಿದೆ ನೋಡಿ," ಎಂದಳು. "ಬೆಳಗ್ಗೆ ಬಿಡ್ತು." "ಎಲ್ಲಿ ಹೊಲಿಸಿದ್ರಿ ಇದನ್ನ? ಕಂಕುಳ ಹತ್ರ ಎರಡು ಸುತ್ತು ಹಾಕ್ಬೇಕು, ಒಂದೇ ಹಾಕಿದಾನೆ. ಕಳ್ಳ. ಕೈ ಎತ್ತಿದ್ರೆ ಬಿಡ್ದೆ ಇನ್ನೇನಾಗುತ್ತೆ?" ಅವಳು ಒದ್ದೆ ಎಡಗೈಯಿಂದಲೇ ಬಿಚ್ಚಿದ ಅಂಚನ್ನು ಹಿಡಿದು ತಿರುವಿ ನೋಡಿದಳು. ವಸ್ತುವನ್ನು ಬಲ್ಲವರ ಹಿಡಿತ ಅದು, ನಾಚಿಕೆ ಇಲ್ಲದ್ದು. "ಕೈ ಇದ್ದಿದ್ರೆ ಇಲ್ಲೇ ಕೂತು ಹಾಕಿ ಕೊಡ್ತಿದ್ದೆ. ಈಗ ಎಡಗೈಲಿ ಗುಂಡಿ ಮಾತ್ರ. ಗುಂಡಿ ಒಂದಕ್ಕೆ ಅರ್ಧ ಗಂಟೆ. ಗಿರಾಕಿ ಅಷ್ಟೊತ್ತಿಗೆ ಗುಂಡಿ ಇಲ್ದೇ ಬದುಕೋದು ಕಲೀತಾರೆ." ನಕ್ಕಳು. ಸ್ಟೆನೋಗೆ ನಗಲಾಗಲಿಲ್ಲ. ಚೀಲದೊಳಗಿನ ಪುಸ್ತಕ ಪಕ್ಕೆಗೆ ಒತ್ತುತ್ತಿತ್ತು.

"ಎಷ್ಟು ವರ್ಷ ಹಾಕ್ತಾರಕ್ಕ? ನೀವು ಒಳಗಿನೋರು, ನಿಮಗೆ ಗೊತ್ತಿರುತ್ತೆ."

"ನಮಗೂ ಅವರು ಹೇಳೋವಾಗಲೇ ಗೊತ್ತಾಗೋದು."

"ಎಷ್ಟಾದ್ರೂ ಹಾಕ್ಲಿ. ಹತ್ತು ಹಾಕ್ಲಿ, ಎರಡು ಹಾಕ್ಲಿ. ನನಗೆ ಅದಲ್ಲ." ಡಬ್ಬಿಯ ನೀರು ಕೊಡವಿದಳು. "ನಿನ್ನೆ ಆ ವಕೀಲ ಓದಿದ್ನಲ್ಲ, ಆ ಕಾಗದ. ಅವನು ಜೈಲಿಂದ ಬಂದಾಗ ನಾನು ನಮ್ಮಕ್ಕನ ಮನೇಲಿದ್ದೆ. ಬಂದೋನು ಆ ಕಾಗದಾನ ಅಕ್ಕನ ಮುಂದೆ ಹಿಡ್ದ. ಓದಿ ಅತ್ತಿಗೆ, ನಿಮ್ಮ ತಂಗೀನೇ ಹೇಳಿರೋದು ಅಂದ. ಅಕ್ಕ ಓದಿದ್ಲು. ನನ್ನ ಮುಖ ನೋಡಿದ್ಲು. ಕೋರ್ಟಲ್ಲಿ ಕ್ಷಮಿಸಿ ಬಂದು ನಮ್ಮನೇಲಿ ಯಾಕೆ ನಾಟಕ ಆಡ್ತೀಯ, ಹೋಗು ಬಾಳ್ವೆ ಮಾಡು ಅಂದ್ಲು. ನನ್ನ ಬಟ್ಟೆ ಗಂಟು ಅವಳೇ ಕಟ್ಟಿದ್ಲು. ಹೇಳಿಲ್ಲ ಕಣೇ ಅಂದೆ. ಸರ್ಕಾರದ ಮೊಹರು ಇದೆಯಲ್ಲೇ ಅಂದ್ಲು. ಬಾಗಿಲು ಹಾಕಿದ ಮೇಲೆ ಆಸ್ಪತ್ರೆಗೆ ಬಂದ್ಲು ನೋಡೋಕೆ. ಆಗ್ಲೂ ಏನಂದ್ಲು ಗೊತ್ತಾ? ನೀನೇ ಮಾಡ್ಕೊಂಡಿದ್ದು ಅಂದ್ಲು."

"ಅವತ್ತು ನೀವು ಏನು ಹೇಳಿದ್ರಿ, ನೆನಪಿದೆಯಾ?"

"ಎಲ್ಲಿ ನೆನಪಿರುತ್ತೆ, ತಲೆ ಒಡೆದಿತ್ತು. ಏನೋ ಕೇಳಿದ್ದೆ ಸಾಹೇಬ್ರನ್ನ. ಕ್ಷಮಿಸಿದೆ ಅಂತ ಮಾತ್ರ ಅಂದಿಲ್ಲ. ಆ ಮಾತು ನನ್ನ ಬಾಯಲ್ಲಿ ಬರೋದೇ ಇಲ್ಲಕ್ಕ. ನಮ್ಮ ಮನೇಲಿ ಯಾರೂ ಯಾರಿಗೂ ಅಂದಿದ್ದಿಲ್ಲ ಅದನ್ನ." ಅವಳು ಸ್ಟೆನೋಳ ಮುಖವನ್ನು ಒಂದು ಗಳಿಗೆ ನೋಡಿದಳು. "ಆಗ ನೀವೇ ಇದ್ರಾ, ಬೇರೆಯೋರಾ?"

ಇದೇ ಹೊತ್ತು ಎಂದು ಅವಳಿಗೆ ಅನ್ನಿಸಿತು. ಇಲ್ಲಿ, ನಲ್ಲಿಯ ಸದ್ದಿನಲ್ಲಿ, ಮೂರನೆಯವರಿಲ್ಲದೆ. ಪುಸ್ತಕ ತೆಗೆದು ತೋರಿಸಬಹುದಿತ್ತು. ಬಾಯಿ ತೆರೆದಾಗ ಬಂದದ್ದು, "ಏಳು ವರ್ಷ ಆಯ್ತಲ್ಲ, ನೆನಪಿಲ್ಲ." ತೊದಲದೆ ಬಂತು. ಎಲ್ಲಿ, ಗಟ್ಟಿಯಾಗಿ, ಎಂದು ಯಾರೋ ಅಂದಹಾಗಾಯಿತು. ಹೊಲಿಗೆಯವಳು ತಲೆಯಾಡಿಸಿ, ಹೋಗುವ ಮುನ್ನ ಬಿಚ್ಚಿದ ಅಂಚನ್ನು ಒಳಕ್ಕೆ ಮಡಿಚಿ, ತನ್ನ ಎದೆಯ ಹತ್ತಿರದಿಂದ ಒಂದು ಪಿನ್ನು ತೆಗೆದು ಸಿಕ್ಕಿಸಿದಳು. ಒಂದೇ ಕೈಯಲ್ಲಿ, ಹಲ್ಲಿನ ನೆರವಿನಿಂದ. ಅಷ್ಟೂ ಹೊತ್ತು ಸ್ಟೆನೋ ಕೈ ಎತ್ತಿಕೊಂಡು ನಿಂತಿದ್ದಳು, ಅಳತೆ ಕೊಡುವವರ ಹಾಗೆ, ಶರಣಾದವರ ಹಾಗೆ.

ಮೂರಕ್ಕೆ ಸಾಹೇಬರು ಬಂದರು. ಎಲ್ಲರೂ ಎದ್ದರು, ಕೂತರು. ಅವನನ್ನು ಕರೆತಂದು ಕಟಕಟೆಯಲ್ಲಿ ನಿಲ್ಲಿಸಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆ ಬಾಚಿದ್ದ. ಆ ಅಂಗಿಯನ್ನು ಹೊಲಿದವರು ಯಾರು ಎಂಬ ಯೋಚನೆ ಅವಳಿಗೆ ಬಂದು ಹೋಯಿತು. ಸಾಹೇಬರು ಕಣ್ಣು ಮುಚ್ಚಿ ಹೇಳತೊಡಗಿದರು. ಅವರು ಆದೇಶವನ್ನು ತೆರೆದ ನ್ಯಾಯಾಲಯದಲ್ಲೇ ಹೇಳುತ್ತಾರೆ, ಅವಳು ನೇರವಾಗಿ ಟೈಪ್ ಮಾಡುತ್ತಾಳೆ. ಇಪ್ಪತ್ತೆಂಟು ವರ್ಷದ ಬೆರಳುಗಳು. ಪದ ಕಿವಿಗೆ ಬಿದ್ದರೆ ಸಾಕು, ನಡುವೆ ಮನಸ್ಸಿನ ಹಂಗಿಲ್ಲ. ಸರ್ಕಾರಿ ವಕೀಲೆ ಗರಿಷ್ಠ ಶಿಕ್ಷೆ ಕೋರಿದ್ದು, ಟಕಟಕ. ಅಂಗ ಊನವಾಗಿರುವುದು, ಜೀವನೋಪಾಯ ನಾಶವಾಗಿರುವುದು, ಟಕಟಕ. ಅಪರಾಧಿಯ ಪರವಾಗಿ ಪರಿಗಣಿಸಬೇಕಾದ ಅಂಶಗಳು. ತಾಯಿ ಬಂದಳು. ತಾಯಿಯ ಕಾಯಿಲೆ ಬಂತು. "ಹಿಂದಿನ ಪ್ರಕರಣದಲ್ಲಿ ಬಾಧಿತಳೇ ಸ್ವಇಚ್ಛೆಯಿಂದ ಅಪರಾಧಿಯನ್ನು ಕ್ಷಮಿಸಿ, ಬಳಿಕ ಐದು ವರ್ಷ ಅವನೊಂದಿಗೆ ಸಂಸಾರ ನಡೆಸಿರುವುದನ್ನು ಈ ನ್ಯಾಯಾಲಯವು ಗಮನಕ್ಕೆ..."

ಸದ್ದು ನಿಂತಿತು. ಆ ಸಭಾಂಗಣದಲ್ಲಿ ಟೈಪಿನ ಸದ್ದು ಯಾರಿಗೂ ಕೇಳಿಸುವುದೇ ಇಲ್ಲ, ಗೋಡೆ ಗಡಿಯಾರದ ಸದ್ದಿನಂತೆ. ನಿಂತಾಗ ಮಾತ್ರ ಎಲ್ಲರೂ ತಲೆಯೆತ್ತಿದರು. ಸಾಹೇಬರು ಕಣ್ಣು ತೆರೆದರು. "ಏನಾಯ್ತಮ್ಮ, ಕರೆಂಟ್ ಹೋಯ್ತಾ?" ಫ್ಯಾನು ತಿರುಗುತ್ತಲೇ ಇತ್ತು. ಗುಮಾಸ್ತ ಬಗ್ಗಿ ತಂತಿ ನೋಡಿದ. ಅವಳು ಎದ್ದು ನಿಂತಳು. ಪೀಠದ ಕೆಳಗಿನ ಆ ಜಾಗದಲ್ಲಿ ಕೆಲಸದ ನಡುವೆ ಅವಳು ಹೀಗೆ ಎದ್ದು ನಿಂತದ್ದು ಇದೇ ಮೊದಲು. ನಿಂತರೆ ಸಾಹೇಬರ ಮೇಜಿನ ಮೇಲಿನದೆಲ್ಲ ಕಾಣುತ್ತದೆ ಎಂಬುದೂ ಅವಳಿಗೆ ಆಗಲೇ ಗೊತ್ತಾಯಿತು. ಒಂದು ಮಾತ್ರೆಯ ಪಟ್ಟಿ, ಅರ್ಧ ಬಿಡಿಸಿದ ಪದಬಂಧ.

"ಆ ಸಾಲು ನನ್ನದು, ಸರ್."

"ಯಾವ ಸಾಲು?"

"ಕ್ಷಮಿಸಿದ್ದು. ಅವರು ಹೇಳಿದ್ದಲ್ಲ. ಇನ್ನೊಂದು ಕೇಸಿನ ಪ್ಯಾರಾ. ನಾನು ಹಾಕಿದ್ದು." ಚೀಲದಿಂದ ಪುಸ್ತಕ ತೆಗೆದು ಮೇಲಿಟ್ಟಳು. "ಅವತ್ತಿನ ನೋಟ್ಸು. ಇದರಲ್ಲಿ ಅದಿಲ್ಲ."

ಅಪರಾಧಿಯ ವಕೀಲ ಎದ್ದು, ಇದೇನು ಸ್ವಾಮಿ, ಕೋರ್ಟಿನ ಸಿಬ್ಬಂದಿಯೇ ಸಾಕ್ಷಿಯಾದರೆ ಹೇಗೆ ಎಂದು ಶುರುಮಾಡಿದ. ಸಾಹೇಬರು ಕೈ ತೋರಿಸಿ ಕೂರಿಸಿದರು. ಆಮೇಲೆ ಮುಂದಕ್ಕೆ ಬಾಗಿ, ಅವಳಿಗಷ್ಟೇ ಕೇಳುವಂತೆ, "ಅಮ್ಮ, ಎಷ್ಟು ತಿಂಗಳಿದೆ ನಿಮಗೆ?" ಎಂದರು. "ನಾಲ್ಕು." "ನಾನು ಆ ಸಾಲನ್ನ ಬಿಟ್ಟುಬಿಡ್ತೀನಿ. ಲೆಕ್ಕಕ್ಕೇ ತಗೊಳಲ್ಲ. ಶಿಕ್ಷೆ ಆಗಬೇಕಾದಷ್ಟು ಆಗುತ್ತೆ. ನೀವು ಕೂತ್ಕೊಳ್ಳಿ, ಏನೂ ಹೇಳಿಲ್ಲ, ಸರೀನಾ?" ಅಷ್ಟು ಮೆತ್ತಗೆ ಅವಳೊಂದಿಗೆ ಯಾವ ಸಾಹೇಬರೂ ಮಾತಾಡಿರಲಿಲ್ಲ. ಕಾಲು ಕೂರಲು ಹೊರಟಿತು. ಸಾಹೇಬರು ಹೇಳುತ್ತಿದ್ದುದು ನಿಜ, ಈ ಕಾಗದದಲ್ಲಿ ಬರದಿದ್ದರೆ ಸಾಕಲ್ಲ. ಆದರೆ ಆ ಕಾಗದ? ಅಕ್ಕ ಓದಿದ ಕಾಗದ? ಅದರಲ್ಲಿ ಹೊಲಿಗೆಯವಳು ಇನ್ನೂ ಕ್ಷಮಿಸುತ್ತಲೇ ಇರುತ್ತಾಳೆ. "ಬಿಟ್ಟರೆ ಬಿಟ್ಟಿದ್ದು ಯಾರಿಗೂ ಗೊತ್ತಾಗಲ್ಲ, ಸರ್," ಎಂದಳು. ದನಿ ಎತ್ತರಿಸಿರಲಿಲ್ಲ, ಆದರೂ ಹಿಂದಿನ ಬೆಂಚಿನವರೆಗೂ ಹೋಯಿತು.

ಸಾಹೇಬರು ಕುರ್ಚಿಗೆ ಒರಗಿದರು. "ಸರಿ. ಹಾಗಾದ್ರೆ ನಿಮ್ಮ ಹೇಳಿಕೆ ದಾಖಲಾಗಬೇಕು. ಬರ್ಕೊಳ್ಳಿ." ಅವಳು ಅತ್ತಿತ್ತ ನೋಡಿದಳು. ಬರೆದುಕೊಳ್ಳಲು ಬೇರೆ ಯಾರೂ ಇರಲಿಲ್ಲ. ಕೂತು, ತನ್ನ ಹೇಳಿಕೆಗೆ ತಾನೇ ಬೆರಳಿಟ್ಟಳು. "ಈ ನ್ಯಾಯಾಲಯದ ಶೀಘ್ರಲಿಪಿಗಾರ್ತಿಯು ಪ್ರಮಾಣೀಕರಿಸಿ ಹೇಳುವುದೇನೆಂದರೆ..." ಸಾಹೇಬರು ಹೇಳುತ್ತಾ ಹೋದರು. ಅವಳು ಯಾರೋ ಒಬ್ಬಳಾಗಿ ಪರದೆಯ ಮೇಲೆ ಮೂಡುತ್ತಾ ಹೋದಳು: ಅವಳು ಸದರಿ ದಿನ ಕರ್ತವ್ಯದಲ್ಲಿದ್ದಳು, ಅವಳು ಸದರಿ ಆದೇಶವನ್ನು ಬೆರಳಚ್ಚು ಮಾಡಿದಳು. "...ಸದರಿ ವಾಕ್ಯವು ಕಣ್ತಪ್ಪಿನಿಂದ ಸೇರಿದ್ದು, ಬಾಧಿತಳು ಹಾಗೆ ನುಡಿದಿರುವುದಿಲ್ಲ." ಕಣ್ತಪ್ಪಿನಿಂದ. ಬೆರಳುಗಳು ಅದನ್ನು ಹೊಡೆದು ಮುಗಿಸಿದ ಮೇಲೆಯೇ ಅವಳಿಗೆ ಆ ಪದ ಕಂಡದ್ದು. ಸಾಹೇಬರು ಅದನ್ನು ಎಷ್ಟು ಹಗುರವಾಗಿ ಇಟ್ಟಿದ್ದರೆಂದರೆ, ಮಲಗಿದ ಮಗುವಿನ ಮೇಲೆ ಹೊದಿಕೆ ಎಳೆಯುವವರಂತೆ. ಆ ಒಂದು ಪದದ ಕೆಳಗೆ ಅವಳ ನಾಲ್ಕು ತಿಂಗಳಿತ್ತು, ಬೀಳ್ಕೊಡುಗೆಯ ಭಾಷಣವಿತ್ತು, ಗಂಡ ಹಿಡಿದು ನಿಂತಿದ್ದ ಮುಕ್ಕಾಲಿಯ ಕಾಲಿತ್ತು. ತಪ್ಪು ಯಾರಿಗಾಗುವುದಿಲ್ಲ? ಒಂದು ಎಚ್ಚರಿಕೆಯ ಪತ್ರ ಕೊಟ್ಟು ಮುಗಿಸುತ್ತಾರೆ.

"ಓದಿ ಹೇಳಿ," ಎಂದರು ಸಾಹೇಬರು.

ಯಾರೇ ಹೇಳಿಕೆ ಕೊಡಲಿ, ಬರೆದದ್ದನ್ನು ಅವರಿಗೆ ಓದಿ ಹೇಳಬೇಕು, ಅವರು ಸರಿಯೆಂದು ಒಪ್ಪಬೇಕು, ಆಮೇಲೆ ಸಹಿ. ಓದಿ ಹೇಳುವುದು ಅವಳದೇ ಕೆಲಸ. ಎಷ್ಟು ಸಾವಿರ ಜನಕ್ಕೆ ಅವರವರ ಮಾತನ್ನು ಓದಿ ಹೇಳಿದ್ದಾಳೋ! ಹೆಚ್ಚಿನವರು ಕೇಳಿಸಿಕೊಳ್ಳದೆಯೇ ತಲೆಯಾಡಿಸುತ್ತಾರೆ. ತಮ್ಮ ಮಾತು ಇಷ್ಟು ಚೆನ್ನಾಗಿತ್ತೇ ಎಂದು ಬೆರಗಾಗುತ್ತಾರೆ. ಅವಳು ಓದತೊಡಗಿದಳು, ಅದೇ ಏರಿಳಿತವಿಲ್ಲದ ದನಿಯಲ್ಲಿ. ಆ ಪದ ಬಂತು. ಓದಿದಳು. ಮುಂದಿನ ಪದಕ್ಕೆ ಹೋಗದೆ ತಲೆಯೆತ್ತಿದಳು. ಹಿಂದಿನ ಬೆಂಚಿನಲ್ಲಿ ಹೊಲಿಗೆಯವಳು ಎಡಗೈಯಿಂದ ಬಲಗೈಯನ್ನು ಹಿಡಿದು ಕೂತಿದ್ದಳು. ಅವಳ ಮುಖದಲ್ಲಿ ಸಿಟ್ಟಾಗಲಿ ಸಮಾಧಾನವಾಗಲಿ ಇನ್ನೂ ಬಂದಿರಲಿಲ್ಲ. ಬಟ್ಟೆಯ ಉಲ್ಟಾ ಮುಖ ನೋಡುವವರ ಹಾಗೆ ನೋಡುತ್ತಿದ್ದಳು.

"ಒಂದು ಪದ ಸರಿಯಿಲ್ಲ, ಸರ್."

"ಇರ್ಲಿ ಬಿಡಿ ಅಮ್ಮ, ಸರಿಯಿದೆ."

"ಕಣ್ತಪ್ಪಿನಿಂದ ಅಲ್ಲ. ಅವತ್ತು ಸಂಜೆಯೇ ನೋಡಿದೆ. ಗೊತ್ತಿತ್ತು ನನಗೆ. ಮೇಲಿನ ಕೋರ್ಟಿನ ಆದೇಶ ಬಂದಾಗ್ಲೂ ಗೊತ್ತಿತ್ತು." ಏನೋ ಕಾರಣ ಕೊಡಬೇಕೆನ್ನಿಸಿತು, ಎಲ್ಲರೂ ಕಾಯುತ್ತಿದ್ದರು. "ಬಸ್ಸಿತ್ತು," ಎಂದಳು. ಅದನ್ನು ಕೇಳಿ ಯಾರೋ ಕಿಸಕ್ಕನೆ ನಕ್ಕರು. ಬೆಂಚ್ ಗುಮಾಸ್ತ ಕಡತದೊಳಗೆ ಮುಖ ಹಾಕಿದ.

ಅವಳು ಕೂತು ಆ ಪದವನ್ನು ಅಳಿಸಿದಳು. ಒಂದೇ ಸಲಕ್ಕೆ ಅಳಿಸಬಹುದಿತ್ತು, ಆದರೆ ಒಂದೊಂದೇ ಅಕ್ಷರವಾಗಿ ಅಳಿಸಿದಳು. ಆ ಜಾಗಕ್ಕೆ ಏನು ಹಾಕಬೇಕೆಂದು ತಲೆಯೆತ್ತಿ ಕಾದಳು. ಸಾಹೇಬರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡು, ಬೇಸರದಿಂದ, "ಸೇರಿದ್ದು ತಿಳಿದೂ ತಿದ್ದಿರುವುದಿಲ್ಲ ಅಂತ ಹಾಕಿ," ಎಂದರು. ಈಗ ಅವರ ದನಿಯಲ್ಲಿ ಆ ಮೆತ್ತಗಿನದು ಇರಲಿಲ್ಲ. "ನಿಮ್ಮ ವಿಷಯ ಮೇಲಕ್ಕೆ ಬರೀಬೇಕಾಗುತ್ತೆ." "ಹೂಂ ಸರ್." "ಹಾಗಾದ್ರೆ ಅವತ್ತು ಆ ಹೆಂಗಸು ನಿಜವಾಗಿ ಹೇಳಿದ್ದಾದ್ರೂ ಏನು? ಅದನ್ನೂ ಓದಿ."

ಪುಸ್ತಕ ತೆರೆದಳು. ಪುಟ ಹಳದಿಗಟ್ಟಿತ್ತು. ತನ್ನದೇ ಗೀಟುಗಳು, ಇನ್ಯಾರಿಗೂ ತಿಳಿಯದ ಗೀಟುಗಳು. ಸಾಹೇಬರು: ಶಿಕ್ಷೆಯ ಬಗ್ಗೆ ನಿನಗೇನಾದರೂ ಹೇಳುವುದಿದೆಯಾ? ಅದರ ಕೆಳಗೆ ಉತ್ತರ. ಹಳೆಯ ಸಾಹೇಬರು ಇದನ್ನು ಬೇಡ ಬಿಡಿ ಎಂದಿದ್ದರು, ಹೇಳಿಕೆಯಲ್ಲ, ಪ್ರಶ್ನೆ ಎಂದು. ಅವಳು ಓದಿದಳು: "'ಅವನು ವಾಪಸ್ ಬಂದ ದಿನ ನಾನು ಎಲ್ಲಿಗೆ ಹೋಗ್ಲಿ, ಅದನ್ನೂ ಅದರಲ್ಲೇ ಬರೆದುಕೊಡ್ತೀರಾ ಸ್ವಾಮಿ?'"

ಹಿಂದಿನ ಬೆಂಚಿನಿಂದ, "ಹೂಂ," ಎಂಬ ದನಿ ಬಂತು. "ಅದೇ. ಅದೇ ನಾನು ಕೇಳಿದ್ದು."

ಸಾಹೇಬರು ಆದೇಶ ಮುಂದುವರಿಸಿದರು. ಕ್ಷಮೆಯ ಮಾತು ಹೊರಗೆ ಹೋಯಿತು, ತಾಯಿ ಉಳಿದಳು. ಹನ್ನೆರಡು ವರ್ಷ ಕಠಿಣ ಸಜೆ. ಅವನು ಮೊದಲು ವಕೀಲನ ಕಡೆಗೂ ಆಮೇಲೆ ಹಿಂದಿನ ಬೆಂಚಿನ ಕಡೆಗೂ ನೋಡಿದ. ಆ ನೋಟದಲ್ಲಿ ಮುಂದಿನದೆಲ್ಲ ಇತ್ತು. ಆ ಪ್ರಶ್ನೆ ಈ ಸಲ ದಾಖಲೆಗೆ ಸೇರಿತು, ಉದ್ಧರಣ ಚಿಹ್ನೆಗಳ ನಡುವೆ, ಒಂದಕ್ಷರವೂ ತಿದ್ದದೆ. ಉತ್ತರ ಯಾರೂ ಹೇಳಲಿಲ್ಲವಾಗಿ ಅವಳು ಟೈಪ್ ಮಾಡಲಿಲ್ಲ.

ನಾಲ್ಕೂವರೆಗೆ ಜನ ಕರಗಿದ ಮೇಲೆ ಹೊಲಿಗೆಯವಳು ಪುಟ್ಟ ಮೇಜಿನ ಮುಂದೆ ಬಂದು ನಿಂತಳು. ಸ್ಟೆನೋ ಮುದ್ರಿಸಿದ ಹಾಳೆಗಳಿಗೆ ದಾರ ಪೋಣಿಸುತ್ತಿದ್ದಳು. ಈಗ ಏನಾದರೂ ಬೈಯಲಿ ಎಂದು ಕಾದಳು, ಬೈದರೆ ಎಷ್ಟೋ ಹಗುರ. ಅದಕ್ಕಿಂತ ಒಳಗೆ, ತೀರಾ ಒಳಗೆ, ಇನ್ನೊಂದಕ್ಕೂ ಕಾದಳು. ಆ ಮಾತನ್ನು ಹೊಲಿಗೆಯವಳ ಮನೆಯಲ್ಲಿ ಯಾರೂ ಯಾರಿಗೂ ಅಂದಿದ್ದಿಲ್ಲ ಎಂಬುದು ತಿಳಿದಿದ್ದೂ ಕಾದಳು.

"ನಲ್ಲಿ ಹತ್ರ ಕೇಳಿದ್ನಲ್ಲ, ನೀವೇ ಇದ್ರಾ ಅಂತ," ಎಂದಳು ಹೊಲಿಗೆಯವಳು.

"ಕೇಳಿದ್ರಿ."

"ಆಗ ಹೇಳ್ಬಹುದಿತ್ತು."

"ಹೂಂ."

ಹೊಲಿಗೆಯವಳ ಕಣ್ಣು ತೋಳಿನ ಕಡೆ ಹೋಯಿತು. ಕೈ ಚಾಚಿ, ತನ್ನ ಪಿನ್ನನ್ನು ಬಿಚ್ಚಿ, ಮತ್ತೆ ತನ್ನ ಎದೆಗೆ ಸಿಕ್ಕಿಸಿಕೊಂಡಳು. "ಇವತ್ತಿನ ಕಾಗದ ನನಗೊಂದು ಬೇಕು. ಮೊಹರು ಹಾಕಿದ್ದು. ಅಕ್ಕನಿಗೆ ತೋರಿಸ್ಬೇಕು."

"ನಾಳೆ ಸಿಗುತ್ತೆ."

"ಇವತ್ತೇ ಕೊಡಿ. ಕಾಯ್ತೀನಿ."

ಅವಳು ಗೋಡೆಯ ಪಕ್ಕದ ಬೆಂಚಿನಲ್ಲಿ ಹೋಗಿ ಕೂತಳು. ಸ್ಟೆನೋ ನಕಲು ತೆಗೆಯಲು ಶುರುಮಾಡಿದಳು. ಕಿಟಕಿಯಾಚೆ ರಸ್ತೆಯ ತಿರುವಿನಲ್ಲಿ ಐದು ನಲವತ್ತರ ಬಸ್ಸು ಬಂದು, ನಿಂತು, ಹೋಯಿತು. ಪುಟ ಪುಟವನ್ನೂ ಬೆರಳಿಟ್ಟು ಓದಿದಳು, ಏಳನೆಯದನ್ನು ಎರಡು ಸಲ. ಕೈ ಎತ್ತಿದಾಗಲೆಲ್ಲ ತೋಳಿನ ಹೊಲಿಗೆ ಇನ್ನಷ್ಟು ಬಿಡುತ್ತಿತ್ತು. ಕೊನೆಯ ಪುಟದ ಎಡ ತುದಿಯಲ್ಲಿ ಎಂದಿನಂತೆ ತನ್ನ ಎರಡು ಅಕ್ಷರ ಹಾಕಿದಳು.